ಸೂರ್ಯ ಕಾಣದ ಸೂರ್ಯಾಸ್ತಕ್ಕೆ ಸಾಲುಗಟ್ಟಿದ ಕಾರುಗಳು

ಆಗುಂಬೆ ಹೆಸರಾದದ್ದು ಎರಡು ಕಾರಣಕ್ಕೆ: ಒಂದು ಸೂರ್ಯಾಸ್ತ, ಇನ್ನೊಂದು ಮಳೆ. ಎರಡೂ ಒಟ್ಟಿಗೆ ಸಿಗುವುದಿಲ್ಲ. ಆಕಾಶ ತಿಳಿಯಾಗಿರುವ ದಿನ ಘಾಟಿಯ ಅಂಚಿನ ಕಟ್ಟೆಯ ಮೇಲೆ ನಿಂತರೆ ಸೂರ್ಯ ದೂರದ ಅರಬ್ಬಿ ಸಮುದ್ರಕ್ಕೆ ಇಳಿಯುವುದು ಕಾಣುತ್ತದೆ. ಪುನರ್ವಸು ಮಳೆ ಹಿಡಿದ ಜುಲೈ ತಿಂಗಳಲ್ಲಿ ಅದೇ ಕಟ್ಟೆಯ ಎದುರು ಇರುವುದು ಬಿಳಿ ಮಂಜಿನ ಗೋಡೆಯೊಂದೇ. ಸಮುದ್ರವೂ ಇಲ್ಲ, ಸೂರ್ಯನೂ ಇಲ್ಲ, ಹತ್ತು ಮಾರು ಆಚೆಯ ಮರವೂ ನೆಟ್ಟಗೆ ಕಾಣದು. ಆದರೂ ಶನಿವಾರ ಸಂಜೆ ಅಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕಬೇಕು. ಗಾಳಿಗೆ ಕೊಡೆ ಮಗುಚಿಕೊಂಡವರು, ಪ್ಲಾಸ್ಟಿಕ್ ಕೋಟಿನೊಳಗೆ ನಡುಗುವ ಮಕ್ಕಳು, ಬಿಸಿ ಬಿಸಿ ಬಜ್ಜಿಯ ತಟ್ಟೆಗೆ ಕೈಚಾಚಿ ನಿಂತವರು, ಎಲ್ಲರೂ ಏನೂ ಕಾಣದ ದಿಕ್ಕಿಗೆ ಮುಖಮಾಡಿ ಖುಷಿಯಾಗಿಯೇ ಇರುತ್ತಾರೆ.

ಪ್ರವಾಸೋದ್ಯಮದ ಪರಿಭಾಷೆಯಲ್ಲಿ ಇದು ‘ಆಫ್ ಸೀಸನ್’. ಒಂದು ಊರಿನ ಹವೆ ಪ್ರವಾಸಕ್ಕೆ ಎಷ್ಟು ಯೋಗ್ಯ ಎಂದು ಅಳೆಯಲು 1985ರಲ್ಲಿ ಮಿಯೆಚ್ಕೊವ್‌ಸ್ಕಿ ಎಂಬ ಭೂಗೋಳತಜ್ಞರು ಒಂದು ಸೂಚ್ಯಂಕ ರೂಪಿಸಿದರು. ನೂರು ಅಂಕಗಳಲ್ಲಿ ಮಳೆಗೆ ಇಪ್ಪತ್ತು, ಬಿಸಿಲಿಗೆ ಇಪ್ಪತ್ತು. ತಿಂಗಳಿಗೆ 150 ಮಿ.ಮೀ. ಮೀರಿ ಮಳೆ ಬಿದ್ದರೆ ಮಳೆಯ ಪಾಲಿನ ಅಂಕ ಸೊನ್ನೆ. ಆಗುಂಬೆಯಲ್ಲಿ ಜುಲೈ ಒಂದೇ ತಿಂಗಳಲ್ಲಿ ಸಾಮಾನ್ಯವಾಗಿ ಎರಡು ಸಾವಿರ ಮಿ.ಮೀ. ದಾಟುತ್ತದೆ. ಆ ಲೆಕ್ಕದಲ್ಲಿ ಮಳೆಗಾಲದ ಮಲೆನಾಡು ಪರೀಕ್ಷೆಯಲ್ಲಿ ನಪಾಸು. ನಪಾಸಾದ ಊರಿಗೆ ಬರುವ ಈ ಜನ ಯಾರು? ಅಗ್ಗವೆಂದು ಬಂದವರೇ, ಮಳೆಯಿದ್ದರೂ ಪರವಾಗಿಲ್ಲ ಎಂದು ಬಂದವರೇ, ಮಳೆಗೆಂದೇ ಬಂದವರೇ? ಉದ್ಯಮದವರು, ಅರ್ಥಶಾಸ್ತ್ರದವರು, ಸಮಾಜಶಾಸ್ತ್ರದವರು ಒಬ್ಬೊಬ್ಬರು ಒಂದೊಂದು ಉತ್ತರ ಕೊಡುತ್ತಾರೆ.

ನಿಲ್ಲುವ ಕಾಲ, ನೋಡುವ ಕಾಲ

ಈ ನೆಲದ ಹಳೆಯ ಪಂಚಾಂಗದಲ್ಲಿ ಮಳೆಗಾಲ ನಿಲ್ಲುವ ಕಾಲ. ಬೌದ್ಧ ಭಿಕ್ಷುಗಳು ವರ್ಷಾವಾಸಕ್ಕೆ, ಜೈನ ಮುನಿಗಳು ಚಾತುರ್ಮಾಸಕ್ಕೆ ಒಂದೆಡೆ ನೆಲೆಯೂರುತ್ತಿದ್ದರು. ಮಠಾಧೀಶರು ಇಂದಿಗೂ ಚಾತುರ್ಮಾಸ್ಯ ವ್ರತ ಕೂರುತ್ತಾರೆ. ಕಾವ್ಯದಲ್ಲೂ ಮಳೆ ಎಂದರೆ ಮನೆಗೆ ಮರಳುವ ಋತು. ದೂರ ಹೋದವನು ಹಿಂದಿರುಗದ ಸಂಕಟವೇ ಕಾಳಿದಾಸನ ಯಕ್ಷನನ್ನು ಆಷಾಢದ ಮೋಡದೊಡನೆ ಮಾತಿಗಿಳಿಸಿತು.

ಆದರೆ ನಿಯಮದ ಪಕ್ಕದಲ್ಲೇ ಅಪವಾದವೂ ಇತ್ತು. ಆಳಂದಿಯಿಂದ ಪಂಢರಪುರದವರೆಗೆ ಸುಮಾರು 250 ಕಿ.ಮೀ. ನಡೆಯುವ ವಾರಕರಿಗಳ ಯಾತ್ರೆ ಸಾಗುವುದೇ ಆಷಾಢದ ಮಳೆಯಲ್ಲಿ. ಮೈಸೂರಿನ ಚಾಮುಂಡಿ ಬೆಟ್ಟಕ್ಕೆ ಅತಿ ಹೆಚ್ಚು ಜನ ಹತ್ತುವುದು ಆಷಾಢ ಶುಕ್ರವಾರಗಳಂದು. ಹೊಸದಾಗಿ ಮದುವೆಯಾದ ಹೆಣ್ಣು ತವರಿಗೆ ಹೋಗುವುದೂ ಇದೇ ತಿಂಗಳು. ಸುಖವಾಗಿ ಕುಳಿತು ಮಳೆ ನೋಡುವುದು ಮಾತ್ರ ಅರಸರ ಸೊತ್ತಾಗಿತ್ತು. 1617ರಲ್ಲಿ ಮಾಂಡುವಿನಲ್ಲಿ ತಿಂಗಳುಗಟ್ಟಲೆ ತಂಗಿದ್ದ ಜಹಾಂಗೀರ್ ಅಲ್ಲಿನ ಮಳೆಗಾಲದ ಚೆಲುವನ್ನು ತನ್ನ ಆತ್ಮಕಥೆಯಲ್ಲಿ ಹೊಗಳಿದ್ದಾನೆ. ಉದಯಪುರದ ಮಹಾರಾಣಾ ಸಜ್ಜನ್ ಸಿಂಗ್ 1884ರಲ್ಲಿ ಗುಡ್ಡದ ನೆತ್ತಿಯ ಮೇಲೆ ಕಟ್ಟಲು ಆರಂಭಿಸಿದ ಅರಮನೆಗೆ ‘ಮಾನ್ಸೂನ್ ಪ್ಯಾಲೇಸ್’ ಎಂಬ ಹೆಸರೇ ನಿಂತಿದೆ.

ಬ್ರಿಟಿಷರ ಗಿರಿಧಾಮಗಳದ್ದು ತದ್ವಿರುದ್ಧ ಕಥೆ. ಮುಂಬಯಿ ಪ್ರಾಂತ್ಯದ ಸರ್ಕಾರ ಬೇಸಗೆಯಲ್ಲಿ ಮಹಾಬಲೇಶ್ವರಕ್ಕೆ ಹತ್ತುತ್ತಿತ್ತು. ಮುಂಗಾರು ಬಡಿಯುತ್ತಿದ್ದಂತೆ ಗಂಟುಮೂಟೆ ಕಟ್ಟಿ ಮಳೆ ಕಡಿಮೆಯಿರುವ ಪುಣೆಗೆ ಇಳಿಯುತ್ತಿತ್ತು. ಘಟ್ಟದ ಊರುಗಳಿಗೆ ‘ಏಪ್ರಿಲ್–ಮೇ ಸೀಸನ್, ಜೂನ್‌ನಿಂದ ಬಾಗಿಲು ಬಂದ್’ ಎಂಬ ಪದ್ಧತಿ ಅಂಟಿಕೊಂಡದ್ದು ಹೀಗೆ.

ಆಫ್ ಸೀಸನ್ ಎಂದವರು ಯಾರು?

ಪ್ರವಾಸದ ಋತುಗಳನ್ನು ಅಧ್ಯಯನ ಮಾಡಿದವರು, ಅದರಲ್ಲೂ 1975ರಲ್ಲಿ ಬಾರ್‌ಆನ್, ಎರಡು ಬಗೆಯ ಕಾರಣಗಳನ್ನು ಬೇರ್ಪಡಿಸಿದರು: ಪ್ರಕೃತಿ ಮಾಡಿದ ಋತು, ಸಂಸ್ಥೆಗಳು ಮಾಡಿದ ಋತು. ಬಿಸಿಲು, ಮಳೆ, ಹಿಮ ಮೊದಲನೆಯದಕ್ಕೆ ಸೇರುತ್ತವೆ. ಶಾಲೆಯ ರಜೆ, ಕಚೇರಿಯ ರಜೆ, ಹಬ್ಬಗಳು ಎರಡನೆಯದಕ್ಕೆ. ಭಾರತದಲ್ಲಿ ಈ ಎರಡನೆಯದರ ಜೋರು ಹೆಚ್ಚು. ಕೇಂದ್ರ ಸರ್ಕಾರಿ ನೌಕರರಿಗೆ 1956ರಲ್ಲಿ ಎಲ್‌ಟಿಸಿ (ರಜೆ ಪ್ರಯಾಣ ರಿಯಾಯಿತಿ) ಸವಲತ್ತು ಬಂದಾಗ ಅದನ್ನು ಬಳಸಲು ಕುಟುಂಬಗಳಿಗೆ ಅನುಕೂಲವಾಗಿದ್ದದ್ದು ಮಕ್ಕಳ ಬೇಸಗೆ ರಜೆ, ಬಿಟ್ಟರೆ ದಸರಾ ರಜೆ. ನಡುವಿನ ತಿಂಗಳುಗಳು ತಾವಾಗಿಯೇ ಬರಿದಾದವು. ಗೋವಾದ ಪಂಚಾಂಗವನ್ನು ಬರೆದದ್ದು ವಿದೇಶಿಯರ ಬಾಡಿಗೆ ವಿಮಾನಗಳು. ಅವು ನಿಂತು, ಕಡಲತೀರದ ಗುಡಿಸಲು ಹೋಟೆಲುಗಳನ್ನು ಮೇ ಅಂತ್ಯಕ್ಕೆ ಬಿಚ್ಚಿಟ್ಟರೆ ಅಲ್ಲಿಗೆ ಸೀಸನ್ ಮುಗಿಯಿತು.

ಸಂಸ್ಥೆಗಳೇ ಋತು ಮಾಡುತ್ತವೆ ಎನ್ನುವ ಈ ಪಂಥದ ಪ್ರಕಾರ ಮಳೆಗಾಲದ ದೇಶಿ ಪ್ರವಾಸಿಗನ ಮನಸ್ಸನ್ನು ಬಗೆದು ನೋಡುವ ಮೊದಲು ಅವನ ಕ್ಯಾಲೆಂಡರ್ ನೋಡಬೇಕು. ಶನಿವಾರ, ಭಾನುವಾರ ಎರಡೂ ರಜೆಯಿರುವ ಸಾಫ್ಟ್‌ವೇರ್ ಕಂಪನಿಗಳು ಬಂದ ಮೇಲೆ ಬೆಂಗಳೂರಿನಲ್ಲಿ ಪ್ರವಾಸದ ಅಳತೆಗೋಲೇ ಬದಲಾಯಿತು. ಹತ್ತು ದಿನದ ಊಟಿ–ಕೊಡೈಕನಾಲ್ ಪ್ರವಾಸದ ಜಾಗಕ್ಕೆ ಶುಕ್ರವಾರ ರಾತ್ರಿ ಹೊರಟು ಸೋಮವಾರ ಬೆಳಿಗ್ಗೆ ಲಾಗಿನ್ ಆಗುವ ಪ್ರವಾಸ ಬಂತು. ಇದಕ್ಕೆ ಶಾಲೆಯ ರಜೆ ಬೇಡ. ಸಕಲೇಶಪುರ, ಚಿಕ್ಕಮಗಳೂರು, ಮಡಿಕೇರಿ ಒಂದು ರಾತ್ರಿಯ ದಾರಿ.

ಕ್ಯಾಲೆಂಡರಿನ ಇನ್ನೊಂದು ಗುಟ್ಟು ಸಂಶೋಧಕರ ಪ್ರಶ್ನಾವಳಿಗಳ ಕಣ್ಣಿಗೆ ಬಿದ್ದಂತಿಲ್ಲ. ಆಷಾಢದಲ್ಲಿ ಮುಹೂರ್ತಗಳಿರುವುದಿಲ್ಲ, ಮದುವೆ, ಗೃಹಪ್ರವೇಶ, ನಾಮಕರಣ ಎಲ್ಲಕ್ಕೂ ಬಿಡುವು. 2014–15ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ 72ನೇ ಸುತ್ತಿನಲ್ಲಿ ದೇಶದೊಳಗೆ ರಾತ್ರಿ ತಂಗುವ ಪ್ರಯಾಣಗಳಲ್ಲಿ ಬಹುಪಾಲು ನೆಂಟರಿಷ್ಟರ ಮನೆಯ ಸಾಮಾಜಿಕ ಓಡಾಟವೇ ಎಂದು ಕಂಡುಬಂತು. ವಿಹಾರದ ಪಾಲು ಚಿಕ್ಕದು. ನೆಂಟರ ಕರೆಯೋಲೆಗಳು ನಿಂತ ತಿಂಗಳಲ್ಲಿ ನಾಲ್ಕು ವಾರಾಂತ್ಯಗಳು ಮನೆಯವರ ಸ್ವಂತ ಕೈಗೆ ಬರುತ್ತವೆ. ಮಳೆಗಾಲದ ಪ್ರವಾಸಕ್ಕೆ ಇದೂ ಒಂದು ಕಾರಣವೆಂದು ಊಹಿಸಲು ಅಡ್ಡಿಯಿಲ್ಲ. ಊಹೆಯನ್ನು ಯಾರಾದರೂ ಪರೀಕ್ಷಿಸಬೇಕಷ್ಟೆ.

ಆಷಾಢದ ರಿಯಾಯಿತಿ

ಉದ್ಯಮದವರ ಮೆಚ್ಚಿನ ಉತ್ತರ ದರ. ಬಟ್ಟೆ ಅಂಗಡಿಯ ಆಷಾಢದ ರಿಯಾಯಿತಿ ಹೋಟೆಲಿಗೂ ಬಂದಿದೆ, ವಿಮಾನ ಕಂಪನಿಗಳು ಮುಂಗಾರಿನ ಹೆಸರಿನಲ್ಲೇ ಅಗ್ಗದ ಟಿಕೆಟ್ ಮಾರುತ್ತವೆ, ಆದ್ದರಿಂದ ಜನ ಬರುತ್ತಾರೆ ಎಂಬುದು ವಾದ. ಇದು ಸುಳ್ಳಲ್ಲ. ಗೋವಾದ ದೊಡ್ಡ ಹೋಟೆಲಿನಲ್ಲಿ ಡಿಸೆಂಬರಿನಲ್ಲಿ ತಂಗಲಾಗದ ಹುಬ್ಬಳ್ಳಿ–ಬೆಳಗಾವಿಯ ಕುಟುಂಬ ಜುಲೈನಲ್ಲಿ ಅಲ್ಲಿ ನಿರಾಳವಾಗಿ ತಂಗಬಹುದು. ನಿವೃತ್ತರು, ಮಕ್ಕಳಿನ್ನೂ ಇಲ್ಲದ ದಂಪತಿಗಳು, ವಾರದ ನಡುವೆ ರಜೆ ಹೊಂದಿಸಿಕೊಳ್ಳಬಲ್ಲವರು, ಇವರೆಲ್ಲ ದರದ ಲೆಕ್ಕ ಹಾಕಿಯೇ ಹೊರಡುತ್ತಾರೆ.

ಆದರೆ ದರದ ವಾದ ಶುಕ್ರವಾರ ಸಂಜೆಗೆ ಕುಸಿದು ಬೀಳುತ್ತದೆ. ಕಾಫಿ ನಾಡಿನ ಹೋಂಸ್ಟೇಗಳಲ್ಲಿ ಜುಲೈ ತಿಂಗಳ ಮಂಗಳವಾರ ಕೋಣೆ ಖಾಲಿ. ಶನಿವಾರ ಮೊದಲೇ ಕಾಯ್ದಿರಿಸದಿದ್ದರೆ ಸಿಗದು, ಸಿಕ್ಕರೂ ಅಗ್ಗವಿರದು. ಸ್ವಾತಂತ್ರ್ಯ ದಿನಕ್ಕೆ ಶನಿವಾರ, ಭಾನುವಾರ ಅಂಟಿಕೊಂಡು ಬಂದ ವರ್ಷ ಕೇಳುವುದೇ ಬೇಡ. ಒಂದೇ ವಾರದೊಳಗೆ ಐದು ದಿನ ಆಫ್ ಸೀಸನ್, ಎರಡು ದಿನ ಸೀಸನ್. ಮಂಗಳವಾರದ ಪ್ರವಾಸಿಗನನ್ನು ರಿಯಾಯಿತಿ ವಿವರಿಸಬಲ್ಲದು, ಶನಿವಾರದವನನ್ನು ವಿವರಿಸಲಾರದು.

ಹೋಂಸ್ಟೇಗಳ ಹುಟ್ಟಿಗೂ ಇಲ್ಲಿ ನಂಟಿದೆ. ಈ ಶತಮಾನದ ಆರಂಭದಲ್ಲಿ ಕಾಫಿ ದರ ನೆಲಕಚ್ಚಿದಾಗ ಕೊಡಗು, ಚಿಕ್ಕಮಗಳೂರಿನ ಅನೇಕ ಬೆಳೆಗಾರರು ಮನೆಯ ಕೋಣೆಗಳನ್ನು ಅತಿಥಿಗಳಿಗೆ ತೆರೆದರು. ಕಾಫಿ ಕೊಯ್ಲು ನಡೆಯುವುದು ಚಳಿಗಾಲದಲ್ಲಿ. ಮಳೆಗಾಲದಲ್ಲಿ ಮನೆಯವರ ಕೈ ತುಸು ಬಿಡುವಾಗಿರುತ್ತದೆ. ಬೇಡಿಕೆ ಇದ್ದದ್ದಕ್ಕೆ ಕೋಣೆ ಬಂತೇ, ಕೋಣೆ ಇದ್ದದ್ದಕ್ಕೆ ಬೇಡಿಕೆ ಬಂತೇ ಎಂಬುದು ಕೋಳಿ–ಮೊಟ್ಟೆಯ ಪ್ರಶ್ನೆ.

ತಳ್ಳುವುದು, ಸೆಳೆಯುವುದು

ವಿಶ್ವವಿದ್ಯಾಲಯಗಳಲ್ಲಿ ಈ ವಿಷಯಕ್ಕೆ ಕೈಹಾಕುವವರು ತಪ್ಪದೆ ಎಡತಾಕುವ ಸಿದ್ಧಾಂತವೊಂದಿದೆ. 1977ರಲ್ಲಿ ಗ್ರಹಾಂ ಡ್ಯಾನ್, 1979ರಲ್ಲಿ ಜಾನ್ ಕ್ರಾಂಪ್ಟನ್ ಅದಕ್ಕೆ ರೂಪ ಕೊಟ್ಟರು. ಮನೆಯಿಂದ ಹೊರಗೆ ತಳ್ಳುವ ಶಕ್ತಿಗಳು ಬೇರೆ, ಆ ಊರಿಗೇ ಎಳೆಯುವ ಶಕ್ತಿಗಳು ಬೇರೆ. ಕ್ರಾಂಪ್ಟನ್ 39 ಜನರನ್ನು ಮಾತಾಡಿಸಿ ಒಂಬತ್ತು ಪ್ರೇರಣೆಗಳ ಪಟ್ಟಿ ಮಾಡಿದರು: ದಿನನಿತ್ಯದಿಂದ ತಪ್ಪಿಸಿಕೊಳ್ಳುವುದು, ವಿಶ್ರಾಂತಿ, ಪ್ರತಿಷ್ಠೆ, ಮನೆಯವರೊಡನೆ ಬಾಂಧವ್ಯ, ಮಗುವಿನಂತೆ ಆಡುವ ಆಸೆ ಇತ್ಯಾದಿ. ಕೊನೆಯದನ್ನು ಕೇಳಿದರೆ ಚಾರ್ಮಾಡಿ ಘಾಟಿಯ ರಸ್ತೆಬದಿಯ ಝರಿಗಳ ಕೆಳಗೆ ಪ್ಯಾಂಟು ಮಡಚಿ ಕುಣಿಯುವ ಮಧ್ಯವಯಸ್ಕರ ಗುಂಪು ಕಣ್ಣ ಮುಂದೆ ಬರುತ್ತದೆ.

ಈ ಚೌಕಟ್ಟಿನ ಬಲವೆಂದರೆ ಯಾವ ಪ್ರವಾಸಿಗನನ್ನಾದರೂ ಇದರೊಳಗೆ ಕೂರಿಸಬಹುದು. ದೌರ್ಬಲ್ಯವೂ ಅದೇ. ಕೆಲಸದ ಒತ್ತಡ ಜನವರಿಯಲ್ಲೂ ಇರುತ್ತದೆ, ಗೆಳೆಯರ ಒಡನಾಟದ ಆಸೆ ಮಾರ್ಚ್‌ನಲ್ಲೂ ಇರುತ್ತದೆ. ಜುಲೈಗೇ ಯಾಕೆ ಎಂದು ಕೇಳಿದರೆ ತಳ್ಳುವ ಪಟ್ಟಿ ಬಾಯಿಬಿಡುವುದಿಲ್ಲ. ಉತ್ತರ ಸೆಳೆತದ ಕಡೆಯೇ ಸಿಗಬೇಕು. ಒಂದಿಷ್ಟು ಸಿಗುತ್ತದೆ ಕೂಡ, ಏಕೆಂದರೆ ಕೆಲವು ಜಾಗಗಳು ಇರುವುದೇ ಮಳೆಗಾಲದಲ್ಲಿ. ಸಾತಾರಾ ಬಳಿಯ ಕಾಸ್ ಪ್ರಸ್ಥಭೂಮಿ ಹೂಬಿಡುವುದು ಆಗಸ್ಟ್‌ನಿಂದ ಕೆಲವೇ ವಾರ. ಉತ್ತರಾಖಂಡದ ಹೂಗಳ ಕಣಿವೆ ತೆರೆಯುವುದೇ ಜೂನ್‌ನಲ್ಲಿ.

ಜೋಗದ ಉದಾಹರಣೆ ಇನ್ನೂ ಸ್ವಾರಸ್ಯದ್ದು. ಶರಾವತಿ 253 ಮೀಟರ್ ಎತ್ತರದಿಂದ ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲಾಗಿ ಧುಮುಕುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಎದ್ದ ಮೇಲೆ ನೀರು ವಿದ್ಯುತ್ತಿಗೆ ತಿರುಗಿತು. ಬೇಸಗೆಯಲ್ಲಿ ಬರುವವರಿಗೆ ಉಳಿದದ್ದು ಒದ್ದೆ ಬಂಡೆ, ನಾಲ್ಕು ಬಿಳಿ ಎಳೆ. ಮೈದುಂಬಿದ ಜೋಗ ಬೇಕೆಂದರೆ ಮಳೆ ಜೋರಾಗಿರಬೇಕು, ಗೇಟು ತೆರೆದರಂತೂ ಹಬ್ಬ. ರಜಾಕಾಲದ ತಾಣವೊಂದು ಎಂಜಿನಿಯರಿಂಗ್‌ನ ದೆಸೆಯಿಂದ ಮಳೆಗಾಲದ ತಾಣವಾಯಿತು. ಕೆಎಸ್‌ಆರ್‌ಟಿಸಿ ಬೆಂಗಳೂರಿನಿಂದ ವಾರಾಂತ್ಯದ ಜೋಗ ಪ್ಯಾಕೇಜ್ ಬಸ್ಸು ಬಿಡುವುದು ಇದೇ ತಿಂಗಳುಗಳಲ್ಲಿ. ಕೆಆರ್‌ಎಸ್‌ನಲ್ಲಿ ನೀರು 124.80 ಅಡಿ ಮುಟ್ಟಿ ಬಾಗಿನದ ಸುದ್ದಿ ಬಂದರೆ ಮಂಡ್ಯ, ಮೈಸೂರಿನ ಜನ ಬುತ್ತಿ ಕಟ್ಟಿಕೊಂಡು ಹೊರಡುತ್ತಾರೆ. ಯಾವ ಜಾಹೀರಾತೂ ಬೇಕಿಲ್ಲದ ಹಳೆಯ ಮುಂಗಾರು ಪ್ರವಾಸ ಅದು.

ತೆರೆಯ ಮೇಲಿನ ಮಳೆ

2006ರ ಡಿಸೆಂಬರ್ ಕೊನೆಯಲ್ಲಿ ಬಿಡುಗಡೆಯಾದ ಯೋಗರಾಜ ಭಟ್ಟರ ‘ಮುಂಗಾರು ಮಳೆ’ ಮಳೆಯನ್ನೇ ಒಂದು ಪಾತ್ರವಾಗಿಸಿತು. 2008ರ ‘ಗಾಳಿಪಟ’ ಕೊಡಗಿನ ಮಾಂದಲಪಟ್ಟಿಗೆ ‘ಮುಗಿಲುಪೇಟೆ’ ಎಂಬ ಹೊಸ ಹೆಸರನ್ನೇ ಅಂಟಿಸಿತು; ಅಲ್ಲಿಗೆ ಹತ್ತಿಸುವ ಜೀಪುಗಳು ಒಂದಿಷ್ಟು ಮನೆಗಳ ಜೀವನೋಪಾಯವಾದವು. ಪ್ರವಾಸಿಗ ನೋಡುವುದು ಮೊದಲೇ ಕಲಿತ ನೋಟವನ್ನು, ಚಿತ್ರಗಳು ಅವನ ಕಣ್ಣನ್ನು ತಿದ್ದಿರುತ್ತವೆ ಎಂದು ಸಮಾಜಶಾಸ್ತ್ರಜ್ಞ ಜಾನ್ ಅರಿ 1990ರಲ್ಲಿ ವಾದಿಸಿದ್ದರು. ಮಾಂದಲಪಟ್ಟಿಯಲ್ಲಿ ನಿಂತರೆ ಆ ಮಾತನ್ನು ಅಲ್ಲಗಳೆಯುವುದು ಕಷ್ಟ. ಈಗ ಸಿನಿಮಾದ ಕೆಲಸವನ್ನು ಮೂವತ್ತು ಸೆಕೆಂಡಿನ ರೀಲ್ಸ್ ವಹಿಸಿಕೊಂಡಿವೆ. 2021ರ ಜುಲೈನಲ್ಲಿ ಬೆಂಗಳೂರು–ಮಂಗಳೂರು ರೈಲಿಗೆ ಗಾಜಿನ ವಿಸ್ಟಾಡೋಮ್ ಬೋಗಿ ಜೋಡಿಸಿದಾಗ ಸಕಲೇಶಪುರ–ಸುಬ್ರಹ್ಮಣ್ಯ ನಡುವಿನ ಘಟ್ಟದ ಸುರಂಗಗಳು ಫೋನುಗಳ ತುಂಬ ಓಡಾಡಿದವು.

ಆದರೆ ಚಿತ್ರ ಹೇಳುವುದು ಎಲ್ಲಿಗೆ ಎಂಬುದನ್ನು. ಸಾವಿರ ಹಳ್ಳಗಳ ನಡುವೆ ಒಂದೇ ಹಳ್ಳಕ್ಕೆ ಜನ ಮುಗಿಬೀಳುವುದು ರೀಲ್ಸಿನಿಂದ. ಮಳೆಯಲ್ಲಿ ಮನೆಬಿಡುವ ಆಸೆ ಅದಕ್ಕಿಂತ ಮೊದಲೇ ಎಲ್ಲೋ ಹುಟ್ಟಿರಬೇಕು.

ಒಣನಾಡಿನವರ ದಾಹ

ಆ ಆಸೆಯ ಮೂಲಕ್ಕೆ ಅತ್ಯಂತ ಸರಳ ಉತ್ತರ ಮಳೆಯ ನಕ್ಷೆಯಲ್ಲಿದೆ. ಆಗುಂಬೆಗೆ ವರ್ಷಕ್ಕೆ ಏಳು ಸಾವಿರ ಮಿ.ಮೀ. ಆಸುಪಾಸು ಮಳೆ, ಬೆಂಗಳೂರಿಗೆ ಒಂದು ಸಾವಿರದ ಒಳಗೆ, ಚಳ್ಳಕೆರೆಯ ಕಡೆ ಐನೂರು ಮುಟ್ಟುವುದೂ ಕಷ್ಟ. ಬೆಂಗಳೂರಿನ ಮಳೆ ಸಂಜೆ ಬಂದು, ಅಂಡರ್‌ಪಾಸ್ ತುಂಬಿಸಿ, ಟ್ರಾಫಿಕ್ ಕಟ್ಟಿ ಹೋಗುವ ಮಳೆ. ಎರಡು ದಿನ ಬಿಡದೆ ಹೊಯ್ಯುವ ಜಡಿಮಳೆ, ಹೆಂಚಿನ ಮೇಲಿನ ಅದರ ಸದ್ದು, ಕೆಲಸವಿಲ್ಲದೆ ಜಗಲಿಯಲ್ಲಿ ಕೂತು ಅದನ್ನು ನೋಡುವ ಹೊತ್ತು, ಇವು ಅಲ್ಲಿ ಸಿಗುವುದಿಲ್ಲ. ಹೋಂಸ್ಟೇಗೆ ಬಂದವರು ಮಳೆಯಿಂದ ಎಲ್ಲೂ ಹೋಗಲಾಗಲಿಲ್ಲ ಎಂದು ದೂರುತ್ತಾರೆಂದು ಎಣಿಸಿದ್ದ ಮನೆಯವರಿಗೆ, ಮಳೆ ನಿಂತಿತಲ್ಲ ಎಂದು ಪೆಚ್ಚಾಗುವ ಅತಿಥಿಗಳನ್ನು ಕಂಡು ನಗು ಬರುವುದುಂಟು.

ಒಮಾನಿನ ಸಲಾಲಾ ಈ ವಾದಕ್ಕೆ ಗಟ್ಟಿ ಸಾಕ್ಷಿ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ‘ಖರೀಫ್’ ಕಾಲದಲ್ಲಿ ಅಲ್ಲಿ ತುಂತುರು ಬಿದ್ದು ಗುಡ್ಡ ಹಸಿರಾಗುತ್ತದೆ; ಕೊಲ್ಲಿಯ ಜನ ಅದನ್ನು ನೋಡಲೆಂದೇ ಬರುತ್ತಾರೆ. ಮಸ್ಕತ್‌ನಿಂದ ಅಲ್ಲಿಗೆ ಸಾವಿರ ಕಿ.ಮೀ. ಆಸುಪಾಸು ಮರಳುಗಾಡಿನ ದಾರಿ. ಆ ದಾರಿ ಹಿಡಿಯುವವರಲ್ಲಿ ಕರಾವಳಿಯಿಂದ ಹೋಗಿ ನೆಲೆಸಿದವರೂ ಇರುತ್ತಾರೆ. ಮಳೆಯಲ್ಲಿ ಹುಟ್ಟಿ ಬೆಳೆದವರಿಗೆ ಅಷ್ಟು ತುಂತುರೂ ಸಾಕಾಗುತ್ತದೆ.

ಈ ಲೇಖನ ಹೆಚ್ಚು ಒಲಿಯುವುದು ಈ ವಿವರಣೆಗೇ. ಸೂಚ್ಯಂಕ ಮಾಡಿದವರ ಮನಸ್ಸಿನಲ್ಲಿದ್ದದ್ದು ಬಿಸಿಲು ಅಪರೂಪವಾದ ದೇಶದ ಪ್ರವಾಸಿಗ; ಅವನು ಬಿಸಿಲು ಹುಡುಕಿ ಹೊರಡುತ್ತಾನೆ. ಬಿಸಿಲು ಬೇಡವೆನ್ನುವಷ್ಟು ಉಂಡವನು ಇನ್ನೊಂದನ್ನು ಹುಡುಕಿ ಹೊರಡುತ್ತಾನೆ. ಆದರೂ ಒಂದು ತೊಡಕು ಉಳಿಯುತ್ತದೆ. ಮುಂಬಯಿಗೆ ಮಳೆಯ ಬರವಿಲ್ಲ. ಅಲ್ಲಿನವರು ಒದ್ದೆ ಊರಿನಿಂದ ಇನ್ನೂ ಒದ್ದೆಯಾದ ಲೋನಾವಳಕ್ಕೆ ಯಾಕೆ ಹೋಗುತ್ತಾರೆ? ಮಳೆಗಿಂತ ಹಸಿರು ಮತ್ತು ಬಿಡುವು ಮುಖ್ಯ ಎನ್ನಬೇಕಾಗುತ್ತದೆ. ಆಗ ವಾದ ಮತ್ತೆ ಕ್ರಾಂಪ್ಟನ್ ಪಟ್ಟಿಗೆ ಜಾರುತ್ತದೆ.

ಹಸಿವಿನ ತಿಂಗಳು ಹಬ್ಬವಾದ ಬಗೆ

ತುಳುನಾಡಿನಲ್ಲಿ ಆಟಿ, ಕೊಡಗಿನಲ್ಲಿ ಕಕ್ಕಡ, ಕೇರಳದಲ್ಲಿ ಕರ್ಕಾಟಕ. ಹೆಸರು ಬೇರೆಯಾದರೂ ಸುಮಾರಾಗಿ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಒಂದೇ ತಿಂಗಳು. ಕಣಜ ಬರಿದಾಗಿ, ಕೂಲಿ ನಿಂತು, ಗುಡ್ಡದ ಸೊಪ್ಪು, ಕೆಸು, ಕಳಲೆ, ಉಪ್ಪಿನಲ್ಲಿಟ್ಟ ಹಲಸಿನ ತೊಳೆಗಳಿಂದ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದ ಕಷ್ಟದ ಕಾಲ ಅದು. ಆಟಿ ಅಮಾವಾಸ್ಯೆಯ ಬೆಳಗಿನ ಜಾವ ಕಲ್ಲಿನಿಂದ ಕೆತ್ತಿ ತಂದ ಪಾಲೆಮರದ ತೊಗಟೆಯ ಕಷಾಯ ಕುಡಿಯುವುದು, ಕಕ್ಕಡದ ಹದಿನೆಂಟನೆಯ ದಿನ ಮದ್ದುಸೊಪ್ಪಿನ ನೇರಳೆ ಬಣ್ಣದ ಪಾಯಸ ಉಣ್ಣುವುದು ಈ ಕಾಲದ ಮನೆಮದ್ದು. (ಪಾಯಸ ಉಂಡವರ ಮೂತ್ರಕ್ಕೂ ಆ ಬಣ್ಣ ಬರುತ್ತದೆಂದು ಮೊದಲೇ ತಿಳಿಸದಿದ್ದರೆ ಹೊಸ ಅತಿಥಿ ಗಾಬರಿಬೀಳುವುದು ಖಚಿತ.)

ಈ ಬಡತನದ ಅಡುಗೆಯೇ ಇಂದು ಆಕರ್ಷಣೆ. ಕರಾವಳಿಯ ಊರೂರಲ್ಲಿ ‘ಆಟಿಡೊಂಜಿ ದಿನ’, ‘ಕೆಸರ್‌ಡೊಂಜಿ ದಿನ’ ನಡೆಯುತ್ತವೆ. ಪತ್ರೊಡೆ ಸವಿದು ಗದ್ದೆಯಲ್ಲಿ ಓಡಿ ಬೀಳಲು ಮುಂಬಯಿ, ಬೆಂಗಳೂರಿನಲ್ಲಿ ನೆಲೆಸಿದ ಊರಿನ ಮಕ್ಕಳು ಬರುತ್ತಾರೆ. ಕರ್ಕಾಟಕ ಮಾಸ ದೇಹಕ್ಕೆ ಎಣ್ಣೆ, ಔಷಧಿ ಹಿಡಿಯುವ ಕಾಲವೆಂಬ ಹಳೆಯ ನಂಬಿಕೆಯನ್ನು ಕೇರಳ ಆಯುರ್ವೇದ ಪ್ರವಾಸವಾಗಿ ಬೆಳೆಸಿತು. ಆಲಪ್ಪುಳದ ನೆಹರೂ ಟ್ರೋಫಿ ದೋಣಿ ಸ್ಪರ್ಧೆಗೂ ಆಗಸ್ಟೇ ರೂಢಿಯ ತಿಂಗಳು.

ಸಂಸ್ಕೃತಿಯ ಕಡೆಯಿಂದ ನೋಡುವವರಿಗೆ ಇದು ಪ್ರವಾಸಕ್ಕಿಂತ ಮರಳುವಿಕೆ. ಊರು ಬಿಟ್ಟು ಎರಡು ತಲೆಮಾರು ಕಳೆದವರು ಅಜ್ಜಿಯ ಅಡುಗೆಯನ್ನು ದುಡ್ಡು ಕೊಟ್ಟು ಉಣ್ಣುತ್ತಿದ್ದಾರೆ. ಇದರಲ್ಲಿ ನಿಜವಿದೆ, ಆದರೆ ವ್ಯಾಪ್ತಿ ಚಿಕ್ಕದು. ಮುಳ್ಳಯ್ಯನಗಿರಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರೆಲ್ಲ ಅಜ್ಜಿಯ ನೆನಪಿಗೆ ಬಂದವರೇನೂ ಅಲ್ಲ.

ಅಂಚಿನ ರುಚಿ

2023ರ ಜುಲೈನಲ್ಲಿ ಕೊಲ್ಲೂರು ಬಳಿಯ ಅರಶಿನಗುಂಡಿ ಜಲಪಾತದಲ್ಲಿ ವಿಡಿಯೊ ತೆಗೆಸಿಕೊಳ್ಳುತ್ತಿದ್ದ ಯುವಕನೊಬ್ಬ ಬಂಡೆಯಿಂದ ಜಾರಿ ಕೊಚ್ಚಿಹೋದ. ಅದೇ ತಿಂಗಳು ದೂಧಸಾಗರಕ್ಕೆ ರೈಲು ಹಳಿಯ ಮೇಲೆ ನಡೆದು ಬಂದವರಿಗೆ ಪೊಲೀಸರು ಬಸ್ಕಿ ಹೊಡೆಸಿದ ದೃಶ್ಯ ದೇಶವೆಲ್ಲ ಹರಿದಾಡಿತು. 2024ರ ಜೂನ್ 30ರಂದು ಲೋನಾವಳದ ಭೂಶಿ ಅಣೆಕಟ್ಟೆಯ ಬಳಿ ಒಂದೇ ಕುಟುಂಬದ ಐವರು ನೀರುಪಾಲಾದರು. ಅಪಾಯವನ್ನು ತಾವಾಗಿ ಹುಡುಕಿ, ಅದರ ಅಂಚಿನಲ್ಲಿ ನಿಂತು ತಮ್ಮ ಹಿಡಿತ ತೋರಿಸುವ ಮನೋಧರ್ಮವನ್ನು ಸ್ಟೀಫನ್ ಲಿಂಗ್ 1990ರಲ್ಲೇ ವಿವರಿಸಿದ್ದರು. ಕೆಲವು ಚಾರಣಿಗರಿಗೆ, ಬೈಕ್ ಸವಾರರಿಗೆ ಅದು ಹೊಂದೀತು. ಭೂಶಿಯ ಕುಟುಂಬ ಸಾಹಸಕ್ಕೆ ಬಂದದ್ದಲ್ಲ, ಭಾನುವಾರ ಕಳೆಯಲು ಬಂದದ್ದು. ಬಯಲುಸೀಮೆಯವರಿಗೆ ಹಳ್ಳದ ಗುಣ ತಿಳಿಯದು. ಮೇಲೆಲ್ಲೋ ಸುರಿದ ಮಳೆ ಹತ್ತು ನಿಮಿಷದಲ್ಲಿ ಮೊಣಕಾಲ ನೀರನ್ನು ಎದೆಮಟ್ಟಕ್ಕೆ ತರುತ್ತದೆಂದು ಮಲೆನಾಡಿನ ಮಕ್ಕಳಿಗೂ ಗೊತ್ತು. ಹೆಚ್ಚಿನ ಸಾವುಗಳಲ್ಲಿ ಪ್ರೇರಣೆಗಿಂತ ಅರಿವಿನ ಕೊರತೆಯೇ ಕಾಣುತ್ತದೆ.

ಇತ್ಯರ್ಥವಾಗದವು

ಮೊದಲ ತೊಡಕು ಲೆಕ್ಕದ್ದೇ. ವಿದೇಶಿ ಪ್ರವಾಸಿಗರ ಸಂಖ್ಯೆ ವಲಸೆ ಕೌಂಟರಿನಿಂದ ತಿಂಗಳುವಾರು ಸಿಗುತ್ತದೆ. ದೇಶಿ ಪ್ರವಾಸಿಗರದ್ದು ರಾಜ್ಯವಾರು ವಾರ್ಷಿಕ ಮೊತ್ತವಾಗಿ ಪ್ರಕಟವಾಗುತ್ತದೆ. ದೇವಸ್ಥಾನಕ್ಕೆ ಬಂದವರೂ ಜಲಪಾತಕ್ಕೆ ಬಂದವರೂ ಅದರಲ್ಲಿ ಒಂದಾಗಿಬಿಡುತ್ತಾರೆ. ಮಳೆಗಾಲದ ಪ್ರವಾಸ ನಿಜಕ್ಕೂ ಬೆಳೆಯಿತೇ, ಬೇಸಗೆಯ ಜನವೇ ಇತ್ತ ಸರಿದರೇ ಎಂದು ಆ ಮೊತ್ತದಿಂದ ತಿಳಿಯದು. ಚಾರಣಕ್ಕೆ ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್, ಮುಳ್ಳಯ್ಯನಗಿರಿಗೆ ಹತ್ತುವ ವಾಹನಗಳ ನೋಂದಣಿ ಬಂದಿರುವುದರಿಂದ ಇನ್ನು ಮುಂದೆ ದಿನವಾರು ಅಂಕಿಗಳು ಉಳಿಯಬಹುದು. ಜನಸಂದಣಿ ತಗ್ಗಿಸಲು ಮಾಡಿದ ಏರ್ಪಾಡು ಸಂಶೋಧಕರ ಕೈಗೆ ಮೊದಲ ನಿಜವಾದ ಕಡತ ಕೊಟ್ಟೀತು.

ಎರಡನೆಯದು ಊರಿನವರ ಪ್ರಶ್ನೆ. ನಾಟಿಯ ಕಾಲದಲ್ಲಿ ಕಿರಿದಾದ ರಸ್ತೆ ತುಂಬುವ ಕಾರುಗಳಿಂದ ಯಾರಿಗೆ ಎಷ್ಟು ಲಾಭ? ಹೋಂಸ್ಟೇ ಇರುವವರ ಉತ್ತರ ಒಂದು, ಗದ್ದೆ ಮಾತ್ರ ಇರುವವರದ್ದು ಇನ್ನೊಂದು. ಪ್ರೇರಣೆಯ ಅಧ್ಯಯನಗಳು ಅತಿಥಿಯನ್ನು ಕೇಳುತ್ತವೆ, ಆತಿಥೇಯರನ್ನು ಅಪರೂಪಕ್ಕೆ ಕೇಳುತ್ತವೆ.

ಮೂರನೆಯದು ಭಯ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದವು. ಪ್ರವಾಸಿಗರು ಕೆಲಕಾಲ ದೂರವಾದರು, ಮತ್ತೆ ಬಂದರು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು, ಎರಡು ವಾರದಲ್ಲಿ ವಯನಾಡಿನ ಮುಂಡಕ್ಕೈ–ಚೂರಲ್‌ಮಲ ಕೊಚ್ಚಿಹೋಯಿತು. ನೆನಪು ಎಷ್ಟು ಮಳೆಗಾಲ ಉಳಿಯುತ್ತದೆ? ಹವಾಮಾನ ಇಲಾಖೆ 24 ಗಂಟೆಯಲ್ಲಿ 204.4 ಮಿ.ಮೀ. ಮೀರಬಹುದಾದ ಮಳೆಗೆ ರೆಡ್ ಅಲರ್ಟ್ ಕೊಡುತ್ತದೆ. ಆ ಸಂಜೆ ಉಡುಪಿ, ಮಡಿಕೇರಿಯ ಮಕ್ಕಳು ನಾಳೆ ಶಾಲೆಗೆ ರಜೆಯೋ ಎಂದು ಜಿಲ್ಲಾಧಿಕಾರಿಯ ಆದೇಶಕ್ಕೆ ಕಾಯುತ್ತಾರೆ. ಬೆಂಗಳೂರಿನಲ್ಲಿ ಅದೇ ಸುದ್ದಿ ಓದಿದ ಒಬ್ಬ ಹೋಂಸ್ಟೇಗೆ ಕರೆಮಾಡಿ ಬುಕಿಂಗ್ ರದ್ದು ಮಾಡುತ್ತಾನೆ. ಇನ್ನೊಬ್ಬ ಕರೆಮಾಡಿ ಕೋಣೆ ಇದೆಯೇ ಎಂದು ಕೇಳುತ್ತಾನೆ. ಇಬ್ಬರಲ್ಲಿ ಯಾರ ಸಂಖ್ಯೆ ಹೆಚ್ಚು ಎಂದು ಸದ್ಯಕ್ಕೆ ಯಾರೂ ಎಣಿಸುತ್ತಿಲ್ಲ.